ಮಸ್ಕಿ ಹಳ್ಳದ ಹಸಿ ಕಂಬ

ಸಿಮೆಂಟು ಬರುವುದಿಲ್ಲ ಎಂಬ ಸುದ್ದಿ ಮುಟ್ಟಿದಾಗ ನಾನು ಮಸ್ಕಿ ಹಳ್ಳದ ನಡುವೆ ತೋಡಿದ ಗುಂಡಿಯ ತಳದಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಹಾರೆಯಿಂದ ಬಂಡೆಯನ್ನು ಬಡಿದು ನೋಡುತ್ತಿದ್ದೆ. ಬಂಡೆ ಗಟ್ಟಿಯಾಗಿತ್ತು. ಮರಳು ಬಗೆದು ಬಗೆದು ಅದನ್ನು ಮುಟ್ಟುವಷ್ಟರಲ್ಲಿ ಬೇಸಿಗೆಯೆಲ್ಲ ಕಳೆದಿತ್ತು. ಮೇಲಿನಿಂದ ಇಲಾಖೆಯ ಜವಾನ ಬಗ್ಗಿ ಕೂಗಿದ.

"ರಾಯಚೂರ್ ಟೇಶನ್ನಿಗೆ ಬಂದಿದ್ದ ಸಿಮೆಂಟೆಲ್ಲಾ ಮಿಲಿಟ್ರಿಯವರು ಒಯ್ದಾರಂತ್ರೀ! ಮಳಿಗಾಲ ಮುಗಿಯೂತನಕ ಬರಂಗಿಲ್ಲಂತ!"

ಆಗ ಮಹಾಯುದ್ಧದ ಕಾಲ. ನಾನು ನಿಜಾಮ್ ಸರಕಾರದ ತಾಮೀರಾತ್ ಇಲಾಖೆಯಲ್ಲಿ, ಅಂದರೆ ರಸ್ತೆ, ಸೇತುವೆ, ಕಟ್ಟಡಗಳನ್ನು ಕಟ್ಟುವ ಇಲಾಖೆಯಲ್ಲಿ, ಓವರ್‌ಸಿಯರ್ ಆಗಿದ್ದೆ. ಲಿಂಗಸೂಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಈ ಹಳ್ಳ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ನೀರು ಬಂತೆಂದರೆ ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ಅದಕ್ಕೆ ಸೇತುವೆ ಕಟ್ಟಬೇಕಿತ್ತು. ಹಳ್ಳದ ನಡುವೆ ಎರಡು ಕಂಬ. ಕಂಬದ ಮೇಲುಭಾಗ ಕಲ್ಲು ಗಚ್ಚಿನದು. ಆದರೆ ನೀರಿನಲ್ಲಿ ಮುಳುಗುವ ಕೆಳಭಾಗಕ್ಕೆ ಬರಿಯ ಸುಣ್ಣದ ಗಚ್ಚು ನಡೆಯುವುದಿಲ್ಲ. ಗಾಳಿ ಸಿಗದಿದ್ದರೆ ಅದು ವರ್ಷ ಕಳೆದರೂ ಬೆಣ್ಣೆಯ ಹಾಗೇ ಉಳಿಯುತ್ತದೆ. ಅಲ್ಲಿಗೆ ಸಿಮೆಂಟಿನ ಕಾಂಕ್ರೀಟೇ ಆಗಬೇಕು.

ನನ್ನ ಗುಡಾರದಲ್ಲಿ ಇದ್ದದ್ದು ಮೊದಲ ಕಂಬಕ್ಕೆ ಬೇಕಾದ ಸಿಮೆಂಟಿನ ಮೂರು ಪಾಲಿನಲ್ಲಿ ಎರಡು ಪಾಲು ಮಾತ್ರ. ಗುಂಡಿಯನ್ನು ತೆರೆದು ಬಿಟ್ಟರೆ ಮೊದಲ ಪ್ರವಾಹಕ್ಕೇ ಮರಳು ತುಂಬಿಕೊಂಡು ಬೇಸಿಗೆಯ ದುಡಿತವೆಲ್ಲ ಹೂತುಹೋಗುತ್ತದೆ. ಇದ್ದಷ್ಟು ಸಿಮೆಂಟು ಹಾಕಿ ನಡುವೆ ನಿಲ್ಲಿಸಿದರೆ ಮೋಟುಕಂಬ ಮರಳೊಳಗೇ ಮುಳುಗಿರುತ್ತದೆ. ಸಿಮೆಂಟನ್ನು ತೆಳುಮಾಡಿ ಎಳೆದಾಡಿದರೆ ಕಂಬ ಬೀಳುತ್ತದೆ. ಎತ್ತ ನೋಡಿದರೂ ಬಾಗಿಲು ಮುಚ್ಚಿತ್ತು. ಮೂಡಣ ಗಾಳಿ ತಿರುಗಿ ಪಡುವಣದ್ದು ಬೀಸತೊಡಗಿತ್ತು.

ಲಿಂಗಸೂಗೂರಿಗೆ ಸೈಕಲ್ ತುಳಿದು ಇಂಜಿನಿಯರ್ ಸಾಹೇಬರ ಮುಂದೆ ನಿಂತೆ. ಅವರು ಹೈದರಾಬಾದಿನವರು. ಉರ್ದು ಬೆರೆಸಿ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದರು. ಅವರ ಮೇಲೂ ಮೇಲಿನವರ ತಗಾದೆ ಇತ್ತೆಂದು ಮುಖದಲ್ಲೇ ಕಾಣುತ್ತಿತ್ತು.

"ಮಳಿ ಬರೂದ್ರಾಗ ಕಂಬ ನೀರಿನ ಮ್ಯಾಲೆ ಕಾಣ್ಬೇಕು. ಬಸ್," ಎಂದರು.

"ಸಿಮೆಂಟಿಲ್ಲದ ಹೆಂಗ್ರೀ ಸಾಹೇಬ್ರ?"

"ನನ್ನ ಕೇಳಿದ್ರ? ನನ್ನ ಹತ್ರ ಸಿಮೆಂಟ್ ಇದ್ರ ನಾನೇ ಕೊಡ್ತಿದ್ದೆ. ಏನಾರ ಬಂದೋಬಸ್ತ್ ಮಾಡ್ರಿ."

ಹೊರಗೆ ಬಂದು ಸೈಕಲ್ಲಿಗೆ ಒರಗಿ ಬಹಳ ಹೊತ್ತು ನಿಂತೆ. ನಮ್ಮ ಸೀಮೆಯ ಹಳೆಯ ಬಾವಿ, ಹೊಂಡಗಳ ಗಚ್ಚಿನಲ್ಲಿ ಸುಣ್ಣದ ಜೊತೆ ಇಟ್ಟಂಗಿಯ ಪುಡಿ ಬೆರೆಸುವುದನ್ನು ನಾನು ನೋಡಿದ್ದೆ. ಸುರ್ಕಿ ಎನ್ನುತ್ತಿದ್ದರು ಅದಕ್ಕೆ. ಸುರ್ಕಿ ಬಿದ್ದ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ. ಸುಣ್ಣಕ್ಕೆ ಆಗಿಬರುವುದು ಸಿಮೆಂಟಿಗೇಕೆ ಆಗಬಾರದು? ಸಿಮೆಂಟಿನಲ್ಲೂ ಇರುವುದು ಸುಣ್ಣವೇ ತಾನೆ. ಮೂರನೆಯ ಪಾಲು ಸಿಮೆಂಟಿನ ಜಾಗಕ್ಕೆ ಇನ್ನೇನನ್ನಾದರೂ ಹಾಕಲು ಸಾಧ್ಯವಾದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಅಷ್ಟೊಂದು ಪುಡಿಗೆ ಇಟ್ಟಂಗಿ ಸುಟ್ಟುಕೊಡುವ ಭಟ್ಟಿ ಹತ್ತಿರದಲ್ಲಿ ಇರಲಿಲ್ಲ, ಸುಡಲು ಹೊತ್ತೂ ಇರಲಿಲ್ಲ. ಆಗ ನೆನಪಾದದ್ದು ಹಟ್ಟಿ. ಅಲ್ಲಿ ಚಿನ್ನದ ಗಣಿಯ ಹಳೆಯ ಕೆಲಸ ನಿಂತುಹೋಗಿದ್ದ ಬಯಲಿನಲ್ಲಿ ಮೂರು ತರಹದ ಕಸ ಗುಡ್ಡೆಯಾಗಿ ಬಿದ್ದಿತ್ತು. ಬಾಯ್ಲರಿನ ಬೂದಿ, ಚಿನ್ನ ತೆಗೆದು ಬಿಸಾಕಿದ ಕಲ್ಲಿನ ಹಿಟ್ಟು, ಕುಸಿದುಬಿದ್ದ ಒಲೆಗಳ ಇಟ್ಟಂಗಿ. ಕಾವಲಿನವನನ್ನು ಕೇಳಿದರೆ ಅವನು ನಕ್ಕ. "ತಿಪ್ಪಿ ಒಯ್ಯಾಕ ಪರವಾನಗಿ ಕೇಳ್ತೀರೇನ್ರೀ? ಬಂಡಿ ತರ್ರಿ, ತುಂಬ್ಕೊಂಡು ಹೋಗ್ರಿ."

ಹಳ್ಳದ ದಂಡೆಯಲ್ಲಿ ಪರೀಕ್ಷೆ ಹೂಡಿದೆ. ಮರದ ಅಚ್ಚಿನಲ್ಲಿ ಒಂದೊಂದು ತರಹದ ಗಡ್ಡೆ ಹೊಯ್ದು, ಮರುದಿನ ಬಿಚ್ಚಿ, ನೀರಿನ ಬಾನಿಯಲ್ಲಿ ಮುಳುಗಿಸಿ ಇಡುವುದು. ಆಮೇಲೆ ಉಗುರಿನಿಂದ ಕೆರೆದು, ಎದೆಯೆತ್ತರದಿಂದ ಬಂಡೆಯ ಮೇಲೆ ಬಿಟ್ಟು ನೋಡುವುದು. ಕಲ್ಲಿನ ಹಿಟ್ಟು ನೋಡಲು ಸಿಮೆಂಟಿನಷ್ಟೇ ನುಣುಪಾಗಿತ್ತು, ಹಾಗಾಗಿ ನನಗೆ ಅದರ ಮೇಲೇ ಹೆಚ್ಚು ಆಸೆ. ಅದರ ಗಡ್ಡೆ ಬಾನಿಯಿಂದ ತೆಗೆಯುವಾಗ ಕೈಯಲ್ಲೇ ಕುಸಿಯಿತು. ಅದು ಬರಿಯ ಮರಳು, ಯಾವುದಕ್ಕೂ ಕೂಡುವುದಲ್ಲ. ಬೂದಿಯಲ್ಲಿ ಸುಡದೆ ಉಳಿದ ಕಲ್ಲಿದ್ದಲ ಚೂರುಗಳಿದ್ದವು. ಕಲಸುವಾಗ ಅವು ಮೇಲೆ ತೇಲಿ ಬಂದವು, ಗಡ್ಡೆ ಒಣಗಿದ ಮೇಲೆ ಕಪ್ಪು ಕಲೆಗಳ ಸುತ್ತ ಬಿರುಕು ಬಿಟ್ಟಿತು.

ಉಳಿದದ್ದು ಇಟ್ಟಂಗಿ. ಒಲೆಯ ಒಳಮೈಯ ಇಟ್ಟಂಗಿ ಕಬ್ಬಿಣದ ಹಾಗೆ ಗಟ್ಟಿ, ಬಡಿದರೆ ಠಣ್ ಎನ್ನುತ್ತಿತ್ತು. ಗಟ್ಟಿಯಾದದ್ದರಿಂದ ಗಟ್ಟಿಯಾದದ್ದೇ ಹುಟ್ಟುತ್ತದೆ ಎಂದುಕೊಂಡು ಬಂಡಿಗಟ್ಟಲೆ ಅದನ್ನೇ ತರಿಸಿ, ಗಚ್ಚು ಅರೆಯುವ ಎತ್ತಿನ ಗಾಣಕ್ಕೆ ಹಾಕಿಸಿದೆ. ಕಲ್ಲಿನ ಗಾಲಿ ಸವೆಯಿತೇ ಹೊರತು ಇಟ್ಟಂಗಿ ನುಣ್ಣಗಾಗಲಿಲ್ಲ. ಹೇಗೋ ಅರೆದು ಹೊಯ್ದ ಗಡ್ಡೆಯೂ ಕಲ್ಲಿನ ಹಿಟ್ಟಿನ ಗಡ್ಡೆಯಂತೆಯೇ ಕುಸಿಯಿತು. ಆ ದಿನ ನಾನು ಊಟ ಮಾಡಲಿಲ್ಲ. ಪಡುವಣ ದಿಕ್ಕಿನಲ್ಲಿ ಮೋಡದ ಗೋಡೆ ಎದ್ದಿತ್ತು. ಗುಂಡಿಯ ಸುತ್ತಲಿನ ಮಣ್ಣಿನ ಒಡ್ಡು ಎರಡು ಕಡೆ ಜಿನುಗುತ್ತಿತ್ತು. ಎತ್ತುಗಳು ಕಪಿಲೆಯ ತೊಗಲುಚೀಲದಿಂದ ಗುಂಡಿಯ ನೀರೆತ್ತಿ ಎತ್ತಿ ಸೋತಿದ್ದವು.

ಆ ಸಂಕಟದಲ್ಲಿ ಬಾನಿಗಳ ಮುಂದೆ ಕೂತು ಎಲ್ಲವನ್ನೂ ಮತ್ತೊಮ್ಮೆ ಹೊರತೆಗೆದೆ. ಒಂದು ಗಡ್ಡೆಯ ಬಣ್ಣ ಉಳಿದವುಗಳಿಗಿಂತ ಕೆಂಪಾಗಿತ್ತು. ಮೊದಲ ದಿನ ಬಂಡಿಯಲ್ಲಿ ಬಂದಿದ್ದ, ಒಲೆಯ ಹೊರಗೋಡೆಯ ಮೆತ್ತನೆಯ ಕೆಂಪು ಇಟ್ಟಂಗಿಯ ಪುಡಿಯಿಂದ ಹೊಯ್ದದ್ದು. ತೆಗೆದಾಗ ಮೆತ್ತಗಿತ್ತೆಂದು ಬಾನಿಗೆ ಮರಳಿ ಎಸೆದು ಮರೆತಿದ್ದೆ. ಈಗ ಉಗುರು ಇಳಿಯಲಿಲ್ಲ. ಬಂಡೆಯ ಮೇಲೆ ಬಿಟ್ಟೆ. ಒಂದು ಮೂಲೆ ಮಾತ್ರ ಹಾರಿತು. ಹದವಾಗಿ ಸುಟ್ಟ ಮಣ್ಣು ಮಾತ್ರ ಸುಣ್ಣದ ಜೊತೆ ಕೂಡುತ್ತದೆ, ಅತಿಯಾಗಿ ಸುಟ್ಟದ್ದು ಗಾಜಿನಂತಾಗಿ ಜಡವಾಗುತ್ತದೆ ಎಂಬುದು ನನಗೆ ಹೊಳೆದದ್ದು ಆಗಲೇ. ಜೊತೆಗೆ ಇನ್ನೊಂದೂ ತಿಳಿಯಿತು. ಇದು ಗಟ್ಟಿಯಾಗುವುದು ಖರೆ, ಆದರೆ ಬಲು ನಿಧಾನ.

ಕಂಬ ತುಂಬುವ ಕೆಲಸ ಶುರುವಾದ ಮೇಲೆ ನಿಲ್ಲಿಸಲಿಲ್ಲ. ಮಸ್ಕಿಯ ಮೇಸ್ತ್ರಿಯೊಬ್ಬ ನನ್ನ ಬಲಗೈಯಾಗಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿ ಗಲ್ಲಕ್ಕೆ ಇಳಿದರೂ ಒರೆಸಿಕೊಳ್ಳದೆ ದುಡಿಯುವವನು. ಎರಡು ಪಾಲು ಸಿಮೆಂಟು, ಒಂದು ಪಾಲು ಸುರ್ಕಿಯನ್ನು ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ಆಮೇಲೆ ಮರಳು, ಜಲ್ಲಿ, ಕಡೆಗೆ ನೀರು. ಹೆಣ್ಣಾಳುಗಳು ಬುಟ್ಟಿಯಲ್ಲಿ ಹೊತ್ತು ತಂದು ಸುರಿದರು, ಗಂಡಾಳುಗಳು ಮರದ ದಿಮ್ಮಿಸಿನಿಂದ ಬಡಿದು ಗಟ್ಟಿಸಿದರು. ಗುಂಡಿ ತುಂಬಿ, ಸುತ್ತ ಕಟ್ಟಿದ ಹಲಗೆಗಳ ನಡುವೆ ಕಂಬ ಮರಳಿನಿಂದ ಎರಡಾಳು ಎತ್ತರ ಎದ್ದಿತು. ಮೇಲ್ಮೈ ಎತ್ತಿನ ಬಂಡಿಯಷ್ಟು ಉದ್ದ, ಒಂದು ಹೊರಸಿನಷ್ಟು, ಅಂದರೆ ಒಬ್ಬರು ಮಲಗುವ ಮಂಚದಷ್ಟು, ಅಗಲ. ಅದರ ಮೇಲೆ ಗೋಣಿತಟ್ಟು ಹಾಸಿ, ಯಾವಾಗಲೂ ಹಸಿಯಾಗಿಡಲು ತುರ್ವಿಹಾಳದ ಒಬ್ಬ ಹೆಣ್ಣುಮಗಳನ್ನು ನೇಮಿಸಿದೆ. ಹಾಲು ಕುಡಿಯುವ ಕೂಸನ್ನು ದಂಡೆಯ ಬೇವಿನ ಗಿಡದ ಕೆಳಗೆ ಅತ್ತೆಯ ಹತ್ತಿರ ಬಿಟ್ಟು ಕೆಲಸಕ್ಕೆ ಬರುತ್ತಿದ್ದಳು.

ಸಾಹೇಬರಿಂದ ಹುಕುಂ ಬಂತು. ಕಂಬ ಎದ್ದದ್ದು ಸಂತೋಷ, ಸಿಮೆಂಟು ಬರುವತನಕ ಎರಡನೆಯ ಕಂಬದ ಗುಂಡಿಯಾದರೂ ತೋಡಿರಬೇಕೆಂದು ಮೇಲಿನವರ ತಗಾದೆ, ಅದರ ಬದಿಗೆ ಆನಿಸಲು ಹಲಗೆ ಕೂಡಲೇ ಬಿಚ್ಚಿ ಸಾಗಿಸಬೇಕು. ಯುದ್ಧದ ದೆಸೆಯಿಂದ ಮರವೂ ಸಿಗುತ್ತಿರಲಿಲ್ಲ. ಇದ್ದದ್ದು ಅದೊಂದೇ ಜೊತೆ ಹಲಗೆ. ಬರಿಯ ಸಿಮೆಂಟಿನ ಕಂಬವಾಗಿದ್ದರೆ ನಾನೂ ಬಿಚ್ಚುತ್ತಿದ್ದೆ. ಕಂಬದ ಜೊತೆಗೇ ಹೊಯ್ದಿಟ್ಟಿದ್ದ ಗಡ್ಡೆಯೊಂದನ್ನು ತೆಗೆದು ಹೆಬ್ಬೆರಳಿನಿಂದ ಅಂಚು ಒತ್ತಿದೆ. ಉದುರಿತು.

"ಏನ್ ಹೇಳಿ ಕಳಿಸ್ಲಿ?" ಜವಾನ ಕೇಳಿದ.

"ಹಲಗಿ ಬಿಚ್ಚಂಗಿಲ್ಲ ಅಂತ ಹೇಳು. ಕಂಬ ಇನ್ನ ಹಸಿ ಐತಿ."

"ಅಷ್ಟ ಹೇಳ್ಲೇನ್ರಿ?" ಅವನ ಕಣ್ಣು ಅಗಲವಾದವು. "ನೌಕರಿ ಹೋದೀತ್ರಿ."

"ಅಷ್ಟ ಹೇಳು."

ಹೇಳಿದ್ದೇನೋ ಹೇಳಿದೆ. ಬಿಚ್ಚಿದರೆ ಕಂಬಕ್ಕೆ ಕುತ್ತು, ಬಿಚ್ಚದಿದ್ದರೆ ನನಗೆ ಕುತ್ತು. ಲಿಂಗಸೂಗೂರಿನಲ್ಲಿದ್ದ ಮನೆಗೆ ಹೋಗಿ ಬರೋಣವೆಂದರೆ ನಾನಿಲ್ಲದಾಗ ಯಾರಾದರೂ ಬಂದು ಹಲಗೆ ಬಿಚ್ಚಿಸಿಬಿಟ್ಟರೆ ಎಂಬ ಭಯ. ಕಂಬಕ್ಕೆ ನನ್ನನ್ನೇ ಕಟ್ಟಿಹಾಕಿದ ಹಾಗಿತ್ತು.

ಎರಡು ದಿನ ಬಿಟ್ಟು ಮುಂಜಾನೆ ಸಾಹೇಬರೇ ಬಂದರು. ಕುದುರೆ ಇಳಿದವರು ನೇರ ಮರಳು ದಾಟಿ, ನಿಚ್ಚಣಿಕೆ ಹತ್ತಿ ಕಂಬದ ಮೇಲೆ ಹೋದರು. ನಾನು, ಮೇಸ್ತ್ರಿ ಹಿಂದೆ ಹತ್ತಿದೆವು. ಕೂಸಿನ ತಾಯಿ ಗೋಣಿತಟ್ಟಿಗೆ ನೀರು ಹೊಯ್ಯುತ್ತ ಮೊದಲೇ ಮೇಲಿದ್ದಳು. ಸಾಹೇಬರು ಗೋಣಿತಟ್ಟು ಸರಿಸಿ ಬೂಟಿನ ಹಿಮ್ಮಡಿಯಿಂದ ಒದ್ದು ನೋಡಿದರು.

"ಪತ್ಥರ್ ಆಗೇದಲ್ರೀ. ಇನ್ನೇನು ಬೇಕು ನಿಮಗ?"

"ಮ್ಯಾಲೆ ಆಗೇದ್ರಿ. ಬದೀಗೆ ಆಗಿಲ್ಲ. ಹಳ್ಳ ಬಂದ್ರ ನೀರು ಬದಿ ತಿಂತದ್ರಿ."

"ಹಳ್ಳ ಎಲ್ಲಿ ಬಂದದ? ಮ್ಯಾಲೆ ನೋಡ್ರಿ, ಬಿಸಲು ಬಿದ್ದದ."

ಬಿಸಿಲು ಬಿದ್ದದ್ದು ನಿಜ. ಮಳೆ ಸುರಿದದ್ದು ಮುದಗಲ್ಲಿನ ಕಡೆ, ನಮಗೆ ಕಾಣದಷ್ಟು ದೂರ, ಹಳ್ಳದ ಮೇಲ್ಗಡೆ. ಸಾಹೇಬರು ಇನ್ನೂ ಮಾತಾಡುತ್ತಿದ್ದಾಗಲೇ ದಂಡೆಯ ಮೇಲಿದ್ದ ಆಳುಗಳು ಒಮ್ಮೆಗೇ ಕೂಗಿದರು. "ಹಳ್ಳ ಬಂತು! ಹಳ್ಳ ಬಂತೋ!" ತಿರುಗಿ ನೋಡಿದರೆ ಮರಳಿನ ಮೇಲೆ ಒಂದು ಕಂದು ಬಣ್ಣದ ನಾಲಿಗೆ, ಮುಂದೆ ಕಸಕಡ್ಡಿ ದೂಡಿಕೊಂಡು ಹರಿದು ಬರುತ್ತಿತ್ತು. ಹಿಂದೆ ಸದ್ದು. ನಾನು ನಿಚ್ಚಣಿಕೆಯ ಕಡೆ ಓಡಿದೆ. ಕಾಲಿಡುವಷ್ಟರಲ್ಲಿ ಅದು ಓರೆಯಾಗಿ, ಹೊರಳಿ, ನೀರಿನ ಜೊತೆ ಹೋಯಿತು.

ನಾಲ್ಕು ಜನ ಉಳಿದೆವು, ಒಂದು ಹೊರಸಿನಗಲದ ಜಾಗದ ಮೇಲೆ.

ನೀರು ಏರಿದಂತೆ ಕಂಬ ನಡುಗತೊಡಗಿತು. ಅದು ಕಂಬದ್ದೋ ಹಲಗೆಯದ್ದೋ ಗೊತ್ತಾಗುತ್ತಿರಲಿಲ್ಲ. ಕಾಲಡಿಯಿಂದ ಮೊಣಕಾಲಿಗೆ, ಹಲ್ಲಿಗೆ ಬರುವಂಥ ನಡುಕ. ಮೇಸ್ತ್ರಿ ಬಾಯೊಳಗೇ ಶಿವನಾಮ ಹೇಳುತ್ತಿದ್ದ. ಸಾಹೇಬರು ಕೂತರು, ಮತ್ತೆ ಎದ್ದರು, ಮತ್ತೆ ಕೂತರು. ಕಡೆಗೆ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು.

"ಖರೇ ಹೇಳ್ರಿ. ಇದು ನಿಲ್ತದೇನು?"

ಅಷ್ಟು ದಿನ ಎಲ್ಲರಿಗೂ ನಿಲ್ಲುತ್ತದೆ ಎಂದೇ ಹೇಳಿಕೊಂಡು ಬಂದಿದ್ದೆ. ಅವತ್ತು ಬಾಯಿಗೆ ಆ ಮಾತು ಬರಲಿಲ್ಲ.

"ಗೊತ್ತಿಲ್ರಿ ಸಾಹೇಬ್ರ," ಎಂದೆ. "ಬರೇ ಸಿಮೆಂಟಾಗಿದ್ರ ನಿಲ್ತದ ಅಂತಿದ್ದೆ. ಇದಕ್ಕ ಇನ್ನೂ ವ್ಯಾಳ್ಯಾ ಬೇಕಾಗಿತ್ತು."

ಅವರು ಕೈ ಬಿಡಲಿಲ್ಲ. ಸಿಟ್ಟೂ ಆಗಲಿಲ್ಲ.

ಒಂದು ಮರದ ಬೊಡ್ಡೆ ಬಂದು ಬಡಿಯಿತು. ನೀರು ಬರುವ ದಿಕ್ಕಿನ ಮೂಲೆಯಲ್ಲಿ ಹಲಗೆಗಳನ್ನು ಹಿಡಿದಿದ್ದ ಅಡ್ಡಪಟ್ಟಿ ಕಿತ್ತು, ಮೇಲಿನ ಒಂದು ಹಲಗೆ ಸೀಳಿಕೊಂಡು ಹೋಯಿತು. ಮೇಸ್ತ್ರಿ ಅಂಗಾತ ಬಿದ್ದವನು ಹೊರಳಿ, ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದ.

"ಕೆಂಪಗ ಬರಾಕತ್ತೈತ್ರಿ," ಎಂದ. "ಕಂಬ ಕರಗಾಕತ್ತೈತಿ."

ನಾನೂ ಇಣುಕಿದೆ. ಹಲಗೆ ಹೋದಲ್ಲಿ ನೀರು ಕಂಬದ ಮೈ ನೆಕ್ಕುತ್ತಿತ್ತು. ಕೆಂಪು ಎಳೆಯೊಂದು ಕಂದುನೀರಿನಲ್ಲಿ ಬೆರೆಯುತ್ತಿತ್ತು. ಉಳಿದ ಹಲಗೆಗಳು ಸಡಿಲಾಗಿ ತಟತಟ ಎನ್ನುತ್ತಿದ್ದವು. ಅವೂ ಹೋದರೆ ಆ ಮೂಲೆ ಪೂರ್ತಿ ಬಯಲಾಗುತ್ತಿತ್ತು.

ಮೇಲೆ ನೀರು ಸೇದಲೆಂದು ತಂದಿಟ್ಟ ಒಂದು ಸುತ್ತು ನಾರಿನ ಹಗ್ಗವಿತ್ತು. ನಾನು ಅದನ್ನು ಕೈಗೆತ್ತಿಕೊಂಡಾಗ ಮೇಸ್ತ್ರಿಗೆ ನನ್ನ ಮನಸ್ಸು ತಿಳಿಯಿತು.

"ಬ್ಯಾಡ್ರಿ! ಇರೂದು ಇದೊಂದ ಹಗ್ಗ. ಕಂಬ ಹೋದ್ರ ನಾಕೂ ಮಂದಿ ಸೊಂಟಕ್ಕ ಕಟ್ಕೊಂಡು ಈಸಾಡೂಣು. ದಂಡಿ ಮಂದಿ ಹಿಡೀತಾರ."

ದಂಡೆಯನ್ನು ನೋಡಿದೆ. ಈಸಿ ಮುಟ್ಟುವ ದೂರವಲ್ಲ. ನೀರಿನ ವೇಗಕ್ಕೆ ಒಬ್ಬರೂ ಉಳಿಯುವುದಿಲ್ಲ, ಕಟ್ಟಿಕೊಂಡರೆ ಒಬ್ಬರು ಇನ್ನೊಬ್ಬರನ್ನು ಎಳೆದುಕೊಂಡೇ ಮುಳುಗುತ್ತೇವೆ. ಆದರೂ ಹಗ್ಗ ಕೈಯಲ್ಲಿದ್ದರೆ ಏನೋ ಧೈರ್ಯ. ಅದನ್ನು ಬಿಟ್ಟುಕೊಡಲು ನನಗೂ ಮನಸ್ಸಿರಲಿಲ್ಲ. ಮತ್ತೊಂದು ಹಲಗೆ ಕಿರುಗುಟ್ಟಿತು.

"ಹಲಗಿಗೆ ಕಟ್ಟೂಣು," ಎಂದೆ. "ನಮ್ಮನ್ನ ಹೊತ್ತಿದ್ದು ಹಗ್ಗ ಅಲ್ಲ, ಈ ಕಂಬ."

ಸಾಹೇಬರು ಕೋಟು ಬಿಚ್ಚಿಟ್ಟು ಹಗ್ಗದ ಒಂದು ತುದಿ ಹಿಡಿದರು. ಮೇಸ್ತ್ರಿ ನನ್ನ ಕಾಲುಗಳ ಮೇಲೆ ಕೂತ. ನಾನು ಅಂಚಿನಿಂದ ಅರ್ಧ ಮೈ ಇಳಿಬಿಟ್ಟು, ಒಂದೊಂದೇ ಹಲಗೆಯ ಮೇಲಿಂದ ಹಗ್ಗ ಹಾಯಿಸಿ ಸುತ್ತಿದೆ. ನೀರು ಮುಖಕ್ಕೆ ರಾಚುತ್ತಿತ್ತು. ಕೂಸಿನ ತಾಯಿ ಹಸಿ ಗೋಣಿತಟ್ಟುಗಳನ್ನು ಮಡಚಿ ಮಡಚಿ ಕೊಟ್ಟಳು. ಹಲಗೆ ಹೋದ ಸಂದಿನಲ್ಲಿ ಅವನ್ನು ತುರುಕಿ ಮೇಲೆ ಹಗ್ಗ ಬಿಗಿದೆವು. ಸಾಹೇಬರು ಕಾಲು ಕೊಟ್ಟು ಜಗ್ಗಿ ಗಂಟು ಹಾಕಿದರು. ಅವರ ಅಂಗೈ ಸಿಪ್ಪೆ ಸುಲಿದಿತ್ತು. ಕೆಂಪು ಎಳೆ ನಿಲ್ಲಲಿಲ್ಲ, ಆದರೆ ತೆಳುವಾಯಿತು.

ಅದಾದ ಮೇಲೆ ಮಾಡುವುದೇನೂ ಇರಲಿಲ್ಲ. ಇರುವುದಷ್ಟೇ. ಬಿಸಿಲು ನೆತ್ತಿಗೇರಿತು. ಸುತ್ತ ನೀರು, ಕುಡಿಯಲು ಮಾತ್ರ ಅದೇ ಕೆಸರು.

ದಂಡೆಯ ಬೇವಿನ ಗಿಡದ ಕೆಳಗೆ ಕೂಸಿನ ತಾಯಿಯ ಅತ್ತೆ ಅದನ್ನು ಎತ್ತಿಕೊಂಡು ಅತ್ತಿತ್ತ ತಿರುಗುತ್ತಿದ್ದದ್ದು ಕಾಣುತ್ತಿತ್ತು. ಅಳು ಕೇಳಿಸುತ್ತಿರಲಿಲ್ಲ, ಕಾಲು ಝಾಡಿಸುವುದು ಮಾತ್ರ ಕಾಣುತ್ತಿತ್ತು. ತಾಯಿ ದಂಡೆಗೆ ಬೆನ್ನು ಮಾಡಿ ಕೂತಳು. ಹೊತ್ತಾದಂತೆ ಎದೆಯ ಮೇಲಿನ ಸೆರಗು ಒದ್ದೆಯಾಯಿತು. ಮೊಣಕಾಲು ಎದೆಗೆ ಒತ್ತಿಕೊಂಡು ಅವಳು ಇನ್ನೂ ಮುದುಡಿದಳು. ನಾವು ಮೂವರು ಗಂಡಸರು ಬೇರೆ ದಿಕ್ಕು ನೋಡಿದೆವು. ಅಷ್ಟು ಸಣ್ಣ ಜಾಗದಲ್ಲಿ ನೋಡಲು ಬೇರೆ ದಿಕ್ಕೂ ಇರಲಿಲ್ಲ.

"ಏನ್ ಮಾಡಾಕತ್ತೈತ್ರಿ?" ಎಂದು ತಿರುಗದೆಯೇ ನನ್ನನ್ನು ಕೇಳಿದಳು.

"ನಿಮ್ಮ ಅತ್ತಿ ಎತ್ಕೊಂಡಾರ."

"ಅದು ಅಂಬಲಿ ಕುಡ್ಯಂಗಿಲ್ರಿ. ಇನ್ನ ಕಲಿಸಿಲ್ಲ."

ಸ್ವಲ್ಪ ಹೊತ್ತಿಗೆ ದಂಡೆಯ ಹೆಣ್ಣಾಳುಗಳಲ್ಲಿ ಒಬ್ಬಳು ಮುಂದೆ ಬಂದು ಅತ್ತೆಯ ಕೈಯಿಂದ ಕೂಸನ್ನು ಇಸಿದುಕೊಂಡು, ಗಿಡದ ಬುಡಕ್ಕೆ ಕೂತು, ಸೆರಗು ಮರೆಮಾಡಿದಳು. ನಾನು ನೋಡಿದ್ದನ್ನು ಹೇಳಿದೆ. ಅವಳು ಥಟ್ಟನೆ ತಿರುಗಿದಳು. ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದಳು. ಕೂಸಿನ ಕಾಲು ಝಾಡಿಸುವುದು ನಿಂತಿತ್ತು. ಆಮೇಲೆ ಅವಳು ಅತ್ತಳು, ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡಿ. ಸಾಹೇಬರು ತಮ್ಮ ಕೋಟನ್ನು ಅವಳ ಕಡೆ ಸರಿಸಿಟ್ಟು ಮತ್ತೆ ನೀರನ್ನು ನೋಡುತ್ತ ಕೂತರು. ಅವಳು ಅದನ್ನು ಹೊದ್ದುಕೊಂಡಳು.

ಹೊತ್ತು ಇಳಿಯುವಾಗ ನೀರು ಇಳಿಯಿತು. ಬಂದಷ್ಟೇ ಬೇಗ ಹೋಗುವುದು ನಮ್ಮ ಹಳ್ಳಗಳ ಗುಣ. ನೀರು ಸೊಂಟದ ಮಟ್ಟಕ್ಕೆ ಬಂದಾಗ ದಂಡೆಯವರು ಕೈಕೈ ಹಿಡಿದು ಸಾಲಾಗಿ ಇಳಿದರು. ಯಾರು ಮೊದಲು ಹೋಗಬೇಕೆಂದು ನಾವು ಮಾತಾಡುವ ಮೊದಲೇ ಕೂಸಿನ ತಾಯಿ ಕೋಟು ಮಡಚಿಟ್ಟು, ಹಗ್ಗದ ಸುತ್ತು ಹಿಡಿದು ಜಾರಿ ನೀರಿಗೆ ಇಳಿದಿದ್ದಳು. ಹಿಂತಿರುಗಿ ನೋಡಲಿಲ್ಲ. ಆಮೇಲೆ ಮೇಸ್ತ್ರಿ ಇಳಿದ.

ಸಾಹೇಬರು ಇಳಿಯುವ ಮುಂಚೆ ಅಂಚಿನಿಂದ ಬಗ್ಗಿ, ಮೂಲೆಯ ಗೋಣಿತಟ್ಟು ಕಿತ್ತು ಕಂಬದ ಮೈಗೆ ಹೆಬ್ಬೆರಳು ಒತ್ತಿದರು. ಕೆಂಪು ಪದರು ಉದುರಿತು. ಇನ್ನೂ ಒತ್ತಿದರು. ಒಂದು ಗೇಣು ತಿಂದುಹೋದಲ್ಲಿ ಬೆರಳು ನಿಂತಿತು. ಒಳಗೆ ಗಟ್ಟಿ. ಉಳಿದ ಹಲಗೆಗಳ ಸಂದಿನಲ್ಲಿ ಕಂಡ ಮಟ್ಟಿಗೆ ಮೈ ಹಾಗೇ ಇತ್ತು.

"ಹಲಗಿ ಮಳಿಗಾಲ ಮುಗಿಯೂತನಕ ಇರ್ಲಿ," ಎಂದರು. ಅಷ್ಟೇ. ಎರಡನೆಯ ಕಂಬದ ಮಾತು ಎತ್ತಲಿಲ್ಲ. ಮೇಲಿನವರಿಗೆ ಏನು ಹೇಳಿ ಒಪ್ಪಿಸಿದರೋ ನನಗೆ ಇವತ್ತಿಗೂ ತಿಳಿಯದು.

ಮಳೆಗಾಲ ಕಳೆದು ಹಲಗೆ ಬಿಚ್ಚಿದಾಗ ಕಲ್ಲೊಡೆಯುವ ಚಾಣದ ಏಟಿಗೆ ಕಂಬ ಕಿಡಿ ಹಾರಿಸಿತು. ತಿಂದುಹೋದ ಮೂಲೆಯನ್ನು ಕಡಿದು ಸಾಪುಮಾಡಿ, ಕಲ್ಲು ಕೂಡಿಸಿ ಮುಚ್ಚಿದೆವು. ರಾಯಚೂರಿಗೆ ಸಿಮೆಂಟೂ ಬಂತು, ಬೇಕಾದಷ್ಟಲ್ಲದಿದ್ದರೂ. ಎರಡನೆಯ ಕಂಬಕ್ಕೆ ಹೇಗೆ ಮಾಡುತ್ತೀರಿ ಎಂದು ಸಾಹೇಬರು ಈ ಸಲ ನನ್ನನ್ನು ಕೇಳಿದರು. ನೀರು ಬಡಿಯುವ ಹೊರಮೈಗೆ ಬರಿಯ ಸಿಮೆಂಟು, ಒಡಲಿಗೆ ಸುರ್ಕಿ ಬೆರೆಸಿದ್ದು ಎಂದೆ. ಬೇಸಿಗೆಯ ಮೊದಲಿಗೇ ತುಂಬಿದರೆ ಗಟ್ಟಿಯಾಗಲು ಬೇಕಾದಷ್ಟು ಕಾಲ ಸಿಗುತ್ತದೆ ಎಂದೆ. ಒಪ್ಪಿದರು.

ಗಾಣ ಮತ್ತೆ ತಿರುಗತೊಡಗಿದ ದಿನ ತುರ್ವಿಹಾಳದ ಆ ಹೆಣ್ಣುಮಗಳು ಕೆಲಸ ಕೇಳಿಕೊಂಡು ಬಂದಳು. ಕೂಸು ಅವಳ ಸೊಂಟದ ಮೇಲಿತ್ತು, ರೊಟ್ಟಿಯ ಚೂರು ಚೀಪುತ್ತಿತ್ತು. ಅವಳು ಕೆಂಪು ಪುಡಿಯ ಗುಡ್ಡೆಯನ್ನು ನೋಡಿದಳು.

"ಇದರಾಗೂ ಇಟ್ಟಂಗಿ ಪುಡಿ ಹಾಕ್ತೀರೇನ್ರಿ?"

"ಹಾಕ್ತೀವವ್ವ. ಆ ಕಂಬ ನಿಂತೈತಲ್ಲ, ನೋಡಿದ್ಯಲ್ಲ."

"ನಿಂತೈತ್ರಿ. ನೋಡೀನಿ," ಎಂದಳು. "ಹಾಕ್ರಿ. ಬುಟ್ಟಿ ಹೊರ್ತೀನಿ, ಪುಡಿ ಸೋಸ್ತೀನಿ, ಏನ್ ಹೇಳಿದ್ರೂ ಮಾಡ್ತೀನಿ. ಕಂಬದ ಮ್ಯಾಲೆ ಮಾತ್ರ ಹತ್ತಂಗಿಲ್ಲ."

ಹತ್ತಲಿಲ್ಲ. ಸೇತುವೆ ಮುಗಿಯುವ ತನಕ ದಂಡೆಯಲ್ಲೇ ದುಡಿದಳು. ಎರಡನೆಯ ಕಂಬದ ಗೋಣಿತಟ್ಟಿಗೆ ನೀರು ಹೊಯ್ಯಲು ನಾನೇ ದಿನಾ ಮುಂಜಾನೆ ಹತ್ತುತ್ತಿದ್ದೆ. ಹೊಯ್ದು ಮುಗಿದ ಕೂಡಲೇ ಇಳಿದುಬಿಡುತ್ತಿದ್ದೆ.